ಹದಿನೇಳು ಮನೆಗೊಂದೇ ಪ್ರೀಆಂಪು

ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಗುರುಲಿಂಗನಿಗೂ ದೇವರು ಎಲ್ಲರಿಗೆ ಕೊಟ್ಟಂಥ ಎರಡೇ ಕಿವಿ ಕೊಟ್ಟಿದ್ದ. ಅವು ಎಲ್ಲರಂಥವಲ್ಲ ಎಂಬುದು ಅವನಿಗೆ ತಿಳಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಹೈದರಾಬಾದಿಗೆ ಒಂದು ಮದುವೆಗೆಂದು ಹೋದಾಗ. ಬೀಗರ ಕಡೆಯ ಯಾರೋ ದೊಡ್ಡ ಮನುಷ್ಯರು ಊಟವಾದ ಮೇಲೆ ನಾಲ್ಕು ಮಂದಿಯನ್ನು ಮನೆಗೆ ಕರೆದೊಯ್ದು, ಗಾಜಿನ ಬುರುಡೆಗಳು ಕೆಂಪಗೆ ಉರಿಯುತ್ತಿದ್ದ ಒಂದು ಪೆಟ್ಟಿಗೆಯ ಮುಂದೆ ಕೂರಿಸಿ, ತಂಬೂರಿ ಪದವೊಂದನ್ನು ಹಚ್ಚಿ, “ಸೌಂಡು ಎಷ್ಟು ಬೆಚ್ಚಗಿದೆ ನೋಡಿ” ಎಂದರು. ಉಳಿದ ಮೂವರು ಹೌದೆಂದರು. ಗುರುಲಿಂಗ ಹೌದು ಹೌದೆಂದ. ಆ ಎರಡನೆಯ ಹೌದು ಅವನ ಸಂಸಾರವನ್ನು ಎಲ್ಲಿಗೆ ಒಯ್ದು ನಿಲ್ಲಿಸಿತು ಎಂಬುದೇ ಈ ಕತೆ.

ಅವನ ಪಡಸಾಲೆಯಲ್ಲಿ ಒಂದು ಆಂಪ್ಲಿಫೈಯರೂ ಜೋಳದ ಗುಮ್ಮಿಯಷ್ಟು ಎತ್ತರದ ಎರಡು ಸ್ಪೀಕರುಗಳೂ ಆಗಲೇ ಇದ್ದವು. ಅವು ಚೆನ್ನಾಗಿಯೇ ಹಾಡುತ್ತಿದ್ದವು. ಆದರೆ ಬೆಚ್ಚಗೆ ಹಾಡುತ್ತಿರಲಿಲ್ಲ. ಅದಕ್ಕೆ ಪ್ರೀಆಂಪ್ ಎಂಬ, ವಾಲ್ವು ಅನ್ನುವ ಆ ಗಾಜಿನ ಬುರುಡೆಗಳ ಪೆಟ್ಟಿಗೆ ಬೇಕು. ಹಾಡು ಮೊದಲು ಅದರೊಳಗೆ ಹೊಕ್ಕು, ಬೆಚ್ಚಗಾಗಿ, ಆಮೇಲೆ ಆಂಪ್ಲಿಫೈಯರಿಗೆ ಹೋಗುತ್ತದೆ. ಇದನ್ನು ಗುರುಲಿಂಗ ಜೆರಾಕ್ಸಿಗೆ ಬಂದವರಿಗೆಲ್ಲ ವಿವರಿಸಿ ಹೇಳಿದ. ಆಗ ಮಕ್ತಲ್‌ನಲ್ಲಿ ಮೇ ತಿಂಗಳು. ಯಾರಿಗೂ ಇನ್ನಷ್ಟು ಬೆಚ್ಚಗಾಗುವ ಆಸೆ ಇರಲಿಲ್ಲ.

ಪೆಟ್ಟಿಗೆ ತರುವುದು ಖಾತ್ರಿಯಾಯಿತು. ಹೊಸದು ತರಬೇಕೋ ಹಳೆಯದು ತರಬೇಕೋ ಎಂಬುದೊಂದು ಉಳಿಯಿತು. ಜಗತ್ತಿನಲ್ಲಿ ಮನುಷ್ಯರು ಇದಕ್ಕಿಂತ ಸಣ್ಣ ಪ್ರಶ್ನೆಗಳಿಗೆ ಸನ್ಯಾಸ ತೆಗೆದುಕೊಂಡಿದ್ದಾರೆ. ಗುರುಲಿಂಗ ಬಸ್ಸು ಹತ್ತಿದ.

ಮೊದಲು ನಾರಾಯಣಪೇಟೆ. ಅಲ್ಲಿ ಸೀರೆ ಅಂಗಡಿಗಳ ಸಾಲಿನಲ್ಲಿ ಟಿ.ವಿ., ಫ್ರಿಜ್ಜು ಮಾರುವ ನರೇಂದ್ರ ಇದ್ದ. ಗುರುಲಿಂಗನ ಹೆಂಡತಿ ಗಂಗಾಂಬಿಕಾಳ ತಮ್ಮ. ಅವನು ಹೈದರಾಬಾದಿನಿಂದ ಒಂದು ಹೊಸ ಪ್ರೀಆಂಪ್ ತರಿಸಿ, ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಗಾಜಿನ ಕಪಾಟಿನಲ್ಲಿಟ್ಟಿದ್ದ. ಎರಡು ವಾಲ್ವು, ಕೆಳಗೆ ನೀಲಿ ಬೆಳಕು, ಜೊತೆಗೊಂದು ರಿಮೋಟು.

“ಮಾವಾ, ರಾಜ್ಯಾನ ಹೊಸಾದು ಬಂದೈತಿ,” ಎಂದ ನರೇಂದ್ರ. “ಗಾಡಿ ನಂಬರಿನ್ಯಾಗ ಎ.ಪಿ. ಅಳಿಸಿ ಟಿ.ಎಸ್. ಬರ್ಯಾಕ ಪೇಂಟರ್ ಸಿಗವಲ್ಲರು. ಇಂಥಾದ್ರಾಗ ನೀವು ಹಳೇ ಡಬ್ಬಿ ಹುಡುಕ್ಕೋಂತ ತಿರಗಿದ್ರ ನಾಕು ಮಂದಿ ಏನಂತಾರ?”

“ಈ ನೀಲಿ ಲೈಟು ಯಾಕಪ?”

“ಚಂದಕ್ಕ.”

“ವಾಲ್ವು ಕೆಂಪಗ ಉರೀಬೇಕು.”

“ರಿಮೋಟಿನ್ಯಾಗ ಕೆಂಪು ಬಟನ್ ಐತಿ, ಒತ್ರಿ, ಕೆಂಪಗಾಗ್ತೈತಿ. ಹಸರೂ ಆಗ್ತೈತಿ. ಗಣಪತಿ ಕುಂಡ್ರಿಸಿದಾಗ ನಿಮಗ ಬ್ಯಾರೆ ಲೈಟಿನ ಸರಾನ ಬ್ಯಾಡ.”

ಗುರುಲಿಂಗ ತಲೆಯಾಡಿಸಿ, ಯೋಚಿಸಿ ಹೇಳುತ್ತೇನೆಂದು ಗದ್ವಾಲಕ್ಕೆ ಹೋದ. ಕೋಟೆ ಬಾಗಿಲ ಬದಿಗೆ ನರಸಯ್ಯನ ರೇಡಿಯೋ ರಿಪೇರಿ ಅಂಗಡಿ. ರೇಡಿಯೋಕ್ಕೆ ಲೈಸೆನ್ಸು ಬೇಕಿದ್ದ ಕಾಲದಿಂದಲೂ ಅದೇ ಸ್ಟೂಲಿನ ಮೇಲೆ ಕೂತ ಮುದುಕ. ಮೇಜಿನ ಮೇಲೆ ನಾಲ್ಕು ವಾಲ್ವಿನ ಕಪ್ಪು ಪೆಟ್ಟಿಗೆಯೊಂದು, ಎಡಗಡೆ ಉದ್ದ ಗೀರು ಹೊತ್ತು ಕೂತಿತ್ತು. ನರಸಯ್ಯ ತಂತಿ ಜೋಡಿಸಿದ. ಗುರುಲಿಂಗ ಕಣ್ಣು ಮುಚ್ಚಿದ. ಹಾಡು ಬಂತು.

“ಆಹಾ! ಏನು ಬೆಚ್ಚಗೈತ್ರಿ!”

“ಇನ್ನಾ ಕರೆಂಟ್ ಬಂದಿಲ್ಲ ಸಾಬ್. ಅದು ಬಾಜೂಕಿನ ಚಾದಂಗಡ್ಯಾಗಿನ ಮೊಬೈಲು.”

ಬೇರೆಯವನಾಗಿದ್ದರೆ ನಾಚುತ್ತಿದ್ದ. ಗುರುಲಿಂಗನೋ, ಕರೆಂಟಿಲ್ಲದೆಯೇ ಇಷ್ಟು ಬೆಚ್ಚಗಿದ್ದರೆ ಕರೆಂಟು ಬಂದ ಮೇಲೆ ಇನ್ನೆಷ್ಟು ಎಂದು ಆಗಲೇ ಮುಂದೆ ಹೋಗಿದ್ದ. ಕರೆಂಟು ಬಂತು. ವಾಲ್ವುಗಳು ಕೆಂಪಗಾದವು. ಪೆಟ್ಟಿಗೆ ಹಾಡಿತು, ಹಾಡಿನ ಹಿಂದೆ ಗುಂಯ್ ಎಂದೂ ಅಂದಿತು.

“ಗುಂಯ್ ಅಂತೈತಲ್ಲ?”

“ಅದಕ್ಕ ನಾ ಬ್ಯಾರೆ ರೊಕ್ಕ ತಗೊಳ್ಳಂಗಿಲ್ಲ,” ಎಂದ ನರಸಯ್ಯ. “ನೋಡ್ರಿ ಸಾಬ್, ಹೊಸಾದು ಹಸುಗೂಸು ಇದ್ದಂಗ, ಬರೇ ಚೀರ್ತೈತಿ. ಇದು ನಲವತ್ತು ವರ್ಷ ಹಾಡೈತಿ. ಗಂಟಲು ಪಳಗೈತಿ.”

ಅಲ್ಲಿಗೆ ಗುರುಲಿಂಗನ ಮನಸ್ಸು ನಿಶ್ಚಯವಾಯಿತು. ಪಳಗಿದ ಗಂಟಲೇ ಬೇಕು, ಹಳೆಯದೇ ಬೇಕು. ಇನ್ನು ಗಂಗಾಂಬಿಕಾ ಒಪ್ಪಬೇಕಿತ್ತು.

ಗಂಗಾಂಬಿಕಾ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಅವಳು ತವರಿನಲ್ಲಿ ಅಕ್ಕಂದಿರು ಉಟ್ಟುಬಿಟ್ಟ ಲಂಗ ಉಟ್ಟು ಬೆಳೆದವಳು. ಮದುವೆಯಾದ ದಿನದಿಂದ ಬಳಸಿದ ವಸ್ತುವೊಂದನ್ನೂ ಹೊಸಿಲ ಒಳಗೆ ಬಿಟ್ಟವಳಲ್ಲ.

“ಯಾರ್ದೋ ಮನ್ಯಾಗ ಹಾಡಿ ಹಾಡಿ ಸುಸ್ತಾದ ಪೆಟ್ಟಿಗಿ ನಮ್ಮನಿಗ್ಯಾಕ? ಅದರ ಮುಂದ ಯಾರು ಕುಂತು ಅತ್ತಾರೋ, ಯಾರು ಸತ್ತಾರೋ. ಅದೆಲ್ಲಾ ಒಳಗ ಕುಂತಿರ್ತೈತಿ. ತರೋದಾದ್ರ ನಮ್ಮ ನರೇಂದ್ರನಂತಲ್ಲಿ ಹೊಸಾದು ತರ್ರಿ, ಇಲ್ಲಾಂದ್ರ ಸುಮ್ಮನ ಕುಂಡ್ರಿ.”

ಗುರುಲಿಂಗ ಎರಡು ತಿಂಗಳು ಸುಮ್ಮನೆ ಕೂತ. ಅಷ್ಟರಲ್ಲಿ ಸರಕಾರದ ಸರ್ವೇ ಬಂತು. ಆಗಸ್ಟ್ ಹತ್ತೊಂಬತ್ತಕ್ಕೆ, ಹೊಸ ರಾಜ್ಯದ ಉದ್ದಗಲಕ್ಕೂ ಒಂದೇ ದಿನ, ಮನೆಮನೆಗೆ ಬಂದು ಎಲ್ಲ ಬರೆದುಕೊಳ್ಳುತ್ತಾರಂತೆ. ಮುಂಬಯಿ ಪುಣೆಗೆ ದುಡಿಯಲು ಹೋದವರು ಬಸ್ಸಿನ ಮೇಲೆ ಕೂತು ಊರಿಗೆ ಬಂದರು. ಬಂದವರೆಲ್ಲ ಜೆರಾಕ್ಸ್ ಅಂಗಡಿಗೆ ಬಂದರು. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಒಬ್ಬನಂತೂ ಭದ್ರತೆಗಿರಲಿ ಎಂದು ತನ್ನ ಮದುವೆಯ ಕರೆಯೋಲೆಯನ್ನೂ ಎರಡು ಪ್ರತಿ ಮಾಡಿಸಿದ. ಮಷೀನು ಬಿಸಿಯಾಯಿತು, ಗುರುಲಿಂಗನ ಗಲ್ಲೆ ತುಂಬಿತು. ಕಾಗದ ಕಾಪಿ ಮಾಡುವವನಿಗೆ ಕಾಗದದ ಒಳಗಿನದೂ ಗೊತ್ತಿರುತ್ತದೆಂದು ಜನ ನಂಬಿದರು. ಸರ್ವೇ ಬಗ್ಗೆ ಏನೇ ಅನುಮಾನ ಬಂದರೂ ಅವನನ್ನೇ ಕೇಳಿದರು. ನಾಲ್ಕು ದಿನ ಹಾಗೆ ಕೇಳಿಸಿಕೊಂಡ ಮೇಲೆ ಗುರುಲಿಂಗನಿಗೂ ತನಗೆ ಗೊತ್ತಿದೆ ಎನಿಸಿತು.

ಒಂದು ಸಂಜೆ ಊಟಕ್ಕೆ ಕೂತವನು, ತುತ್ತು ಮುರಿಯುತ್ತ ಹೇಳಿಯೇಬಿಟ್ಟ:

“ಗಂಗಾ, ಸರ್ವೇದಾಗ ಹೊಸಾ ಕರೆಂಟ್ ಸಾಮಾನು ಅಷ್ಟೂ ಬರಕೊಂತಾರಂತ. ಬಿಲ್ ಇರ್ತೈತಲ್ಲ, ಸಿಕ್ಕು ಬೀಳ್ತೀವಿ. ಬಿಳೀ ಕಾರ್ಡು ಕಟ್. ಪುರಾನಾ ಮಾಲ್ ಆದ್ರ ಮಾಫಿ.”

ಇದು ಅವನ ಬಾಯಿಂದ ಹುಟ್ಟಿದ ಕಾನೂನು. ಬೇರೆ ತಾಯಿ ತಂದೆ ಅದಕ್ಕಿರಲಿಲ್ಲ.

ಬಿಳಿ ಕಾರ್ಡೆಂದರೆ ಬಡವರ ರೇಷನ್ ಕಾರ್ಡು. ಆ ಓಣಿಯ ಹದಿನೇಳು ಮನೆಗೂ ಅದಿತ್ತು. ಎರಡು ಲಾರಿಗಳ ಕರಿಬಸಯ್ಯನಿಗೂ ಇತ್ತು. ಲಾರಿ ನಿಲ್ಲಿಸಲು ಜಾಗವಿಲ್ಲದ್ದು ಅವನ ಬಡತನ. ಗಂಗಾಂಬಿಕಾ ತನ್ನ ಕಾರ್ಡನ್ನು ಒಡವೆಯ ಡಬ್ಬಿಯಲ್ಲಿ, ಒಡವೆಗಿಂತ ಕೆಳಗೆ ಇಡುತ್ತಿದ್ದಳು, ಕಳ್ಳ ಬಂದರೆ ಒಡವೆ ತೆಗೆದುಕೊಂಡು ತೃಪ್ತನಾಗಿ ಹೋಗಲಿ ಎಂದು. ರೊಟ್ಟಿ ಬಡಿಯುವ ಕೈ ನಿಂತಿತು.

“ಖರೇನಾ?”

“ನಾ ಏನು ಕಾಗದ ನೋಡಂಗಿಲ್ಲೇನು?”

“ಹಂಗಾರ ಹಳೇದ ತರ್ರಿ. ಆದ್ರ ಒಂದು ಮಾತು. ಆ ಪೆಟ್ಟಿಗಿ ಸಲವಾಗಿ ನನ್ನ ಕಾರ್ಡಿಗೆ ಒಂದು ಗೀಟು ಬಿದ್ದರೂ, ಅವತ್ತ ಪೆಟ್ಟಿಗಿ ಮನಿ ಹೊರಗ. ಅದರ ಹಿಂದ ನೀವು.”

ಮರುದಿನವೇ ಗುರುಲಿಂಗ ಗದ್ವಾಲದಿಂದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಜೊತೆಗೆ ಒಂದು ರಸೀದಿ. ನರಸಯ್ಯನ ತಂದೆ ನಿಜಾಮನ ಕಾಲದಲ್ಲಿ ಕಚೇರಿ ಮುಂದೆ ಅರ್ಜಿ ಬರೆಯುತ್ತಿದ್ದವರು. ಮಗ ರೇಡಿಯೋ ರಿಪೇರಿಯನ್ನು ಬೇರೆಲ್ಲೋ ಕಲಿತ. ರಸೀದಿ ಬರೆಯುವುದನ್ನು ಮಾತ್ರ ತಂದೆಯಿಂದಲೇ ಕಲಿತಿದ್ದ. “ಮುಸಮ್ಮಿ ಗುರುಲಿಂಗ, ವಲ್ದ್ ಚೆನ್ನಬಸಪ್ಪ, ಸಾಕಿನ್ ಮಕ್ತಲ್, ಇವರಿಗೆ ಪ್ರೀಆಂಪ್ಲಿಫೈಯರ್ ಒಂದು ಅದದ್, ಪುರಾನಾ ಮಾಲ್, ಚಾಲೂ ಹಾಲತ್ತಿನಲ್ಲಿ ಫರೋಖ್ತ್ ಮಾಡಲಾಗಿದೆ.” ಕೆಳಗೆ ರೊಟ್ಟಿಯಗಲದ ಗುಂಡು ಮೊಹರು. ಹಳೆಯ ಪೆಟ್ಟಿಗೆಯೊಂದನ್ನು ಮಾರಿದೆ ಎಂಬಷ್ಟಕ್ಕೆ ಆಸ್ತಿಪತ್ರಗಳೂ ನಾಚುವಂಥ ಕಾಗದ.

ಅದನ್ನು ಮೊದಲು ನೋಡಿದವಳು ಅದೇ ಓಣಿಯ ಬುಚ್ಚಮ್ಮ, ಹಾಲು ಮಾರುವಾಕೆ. ತೋರಿಸಿದವಳು ಸ್ವತಃ ಗಂಗಾಂಬಿಕಾ. ಗುರುಲಿಂಗ ಅಂಗಡಿಯಲ್ಲಿ ಕಾಗದದ ರಾಶಿಯ ನಡುವೆ ಇದ್ದಾಗ ಇಬ್ಬರೂ ಬಂದರು.

“ಏನಪ ಗುರುಲಿಂಗಾ, ಹಳೇ ಸಾಮಾನಿಗೆ ಮಾಫಿ ಐತಂತಲ್ಲ,” ಎಂದಳು ಬುಚ್ಚಮ್ಮ. “ನಮ್ಮ ಫ್ರಿಜ್ಜು ಹೋದ ಯುಗಾದೀದು. ಅದು ಹೊಸಾದೋ, ಹಳೇದೋ?”

ಹೆಂಡತಿ ಎದುರಿಗೇ ನಿಂತಿದ್ದಳು. ಗುರುಲಿಂಗ ಕೆಮ್ಮಿದ. “ಅದು... ಹಳೇದು ಅಂತ ಕಾಗದ ಬೇಕಾಗ್ತೈತಬೇ.”

“ನಮ್ದು ಐತಿ ನೋಡು,” ಎಂದು ಗಂಗಾಂಬಿಕಾ ಸೆರಗಿನಿಂದ ರಸೀದಿ ತೆಗೆದಳು. ಬುಚ್ಚಮ್ಮ ಓದಲು ಬಾರದವಳು. ಆದರೆ ಮೊಹರು ನೋಡಿ ಕೈಮುಗಿದಳು.

“ಇದರದ ಒಂದು ಕಾಪಿ ಹೊಡಿ.”

“ಇದರಾಗ ನನ್ನ ಹೆಸರೈತಿ.”

“ಹೆಸರಿನ ಮ್ಯಾಲ ಬಿಳೀ ಚೀಟಿ ಇಟ್ಟು ಹೊಡಿ. ಮೊನ್ನೆ ಅವನ್ಯಾವನ್ದೋ ಹಂಗ ಹೊಡದಿದ್ದಿ, ನಾ ನೋಡೀನಿ.”

“ಫ್ರಿಜ್ ಅಂತ ಇಲ್ಲಬೇ. ಪ್ರೀಆಂಪ್ಲಿಫೈಯರ್ ಅಂತ ಐತಿ.”

“ಫ್ರಿಜ್ಜು ಅಂತ ಇಲ್ಲಲ್ಲ, ಅದ ಛಲೋ ಆತು ಬಿಡು!”

ಹೀಗೆ ಮೊದಲ ಕಾಪಿ ಹೊರಬಿತ್ತು. ಸಂಜೆಯೊಳಗೆ ಹದಿನಾರು ಹೊರಬಿದ್ದವು. ಒಂದೊಂದರಲ್ಲೂ ಹೆಸರಿನ ಜಾಗ ಬಿಳಿ. ಆ ಬಿಳಿಯಲ್ಲಿ ಒಂದೊಂದು ಮನೆಯ ಹೆಸರು ಬರೆದದ್ದೂ ಗುರುಲಿಂಗನೇ. ಕರಿಬಸಯ್ಯ ತನ್ನ ಹೆಸರನ್ನು ತುಸು ದಪ್ಪಗೆ ಬರೆಸಿಕೊಂಡ.

ಮೂರನೆಯ ದಿನ ಊಟ್ಕೂರು ಕಡೆಯ ಒಂದು ಹಳ್ಳಿಯ ಕಂದಾಯ ನೋಡಿಕೊಳ್ಳುವ ವಿ.ಆರ್.ಓ. ಉರುಕುಂದಪ್ಪ ಬೈಕಿನಲ್ಲಿ ಬಂದು, ಅತ್ತಿತ್ತ ನೋಡಿ, ಮಷೀನಿನ ಹಿಂದೆ ಬಗ್ಗಿ ಪಿಸುಗುಟ್ಟಿದ:

“ಗುರುಲಿಂಗಪ್ಪ, ಆ ಸರ್ಕ್ಯುಲರ್ ನಮಗಿನ್ನಾ ಮುಟ್ಟಿಲ್ಲ. ಎಲ್ಲಾ ಕಾಪಿ ಹೊಡಿಯೋನು ನೀನ. ಒಂದು ನಮಗೂ ಕೊಡು ಮಾರಾಯಾ, ಮ್ಯಾಲಿನವ್ರು ಕೇಳಿದ್ರ ಮಾನ ಹೋಗ್ತೈತಿ.”

“ಯಾವ ಸರ್ಕ್ಯುಲರ್ರಿ?”

“ಅದ, ಪುರಾನಾ ಮಾಲ್ ಮಾಫಿ ಸರ್ಕ್ಯುಲರ್ರು.”

ಗುರುಲಿಂಗ ಇಲ್ಲಿಗೇ ಎಲ್ಲವನ್ನೂ ಮುಗಿಸಬಹುದಿತ್ತು. ಸುಳ್ಳು ಹೇಳಿದೆ ಸ್ವಾಮಿ ಎಂದು ಮೂರು ಶಬ್ದ ಸಾಕಿದ್ದವು. ಆದರೆ ಅಂಗಡಿಯ ಹಿಂದಿನ ಸ್ಟೂಲಿನ ಮೇಲೆ ಗಂಗಾಂಬಿಕಾ ಪಿನ್ನು ಹೊಡೆಯುತ್ತ ಕೂತಿದ್ದಳು.

“ಅದು ಮಷೀನಿನ್ಯಾಗ ಸಿಕ್ಕೊಂಡೈತ್ರಿ,” ಎಂದ.

ಉರುಕುಂದಪ್ಪ ಮರುಕದಿಂದ ತಲೆಯಾಡಿಸಿದ. ಸರಕಾರದ ಕಾಗದ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಬೆನ್ನಿಗೇ ಅವನೂರಿನ ಕುರುಬರ ಕಿಷ್ಟಪ್ಪ ಬಂದ. “ಯಪ್ಪಾ, ನನ್ನ ಅರವತ್ತೂ ಕುರಿ ಹಳೇವ ಅದಾವ. ಒಂದೂ ಅಂಗಡ್ಯಾಗ ಕೊಂಡಿದ್ದಿಲ್ಲ. ಒಂದು ಕಾಗದ ಹೊಡಿ.” ಕರೆಂಟಿನ ಸಾಮಾನಿಗೆ ಮಾತ್ರ ಎಂದು ಗುರುಲಿಂಗ ಅವನನ್ನು ಸಾಗಹಾಕಿದ. ಹೀಗೆ ಇಲ್ಲದ ಸರ್ಕ್ಯುಲರಿಗೆ ಒಂದು ತಿದ್ದುಪಡಿಯೂ ಆಯಿತು.

ಹತ್ತೊಂಬತ್ತು ಬಂತು. ಅಂಗಡಿಗಳೆಲ್ಲ ಬಂದ್; ಬೀದಿಯಲ್ಲಿ ನಾಯಿಗಳ ಹೊರತು ಯಾರೂ ಇಲ್ಲ. ಓಣಿಗೆ ಬರೆದುಕೊಳ್ಳಲು ಬಂದವಳು ರಜಿತಾ, ಅಲಂಪುರದ ಕಡೆಯ ತೆಲುಗು ಟೀಚರು. ಕಂಕುಳಲ್ಲಿ ಫಾರಂಗಳ ಕಟ್ಟು, ಮುಖದಲ್ಲಿ ಮುಂಜಾನೆಯಿಂದ ಒಂದು ಗುಟುಕು ಚಹಾ ಕಾಣದ ದಣಿವು. ಬುಚ್ಚಮ್ಮನ ಮನೆಯಲ್ಲಿ ಆಳೆತ್ತರದ ಫ್ರಿಜ್ಜು. ಅದರ ಎದೆಗೆ ಅಂಬಲಿಯಲ್ಲಿ ಅಂಟಿಸಿದ ಕಾಗದ.

“ಇದೇಮಿಟಮ್ಮಾ?”

“ಕಾಗದ ನೋಡವ್ವ. ಪುರಾನಾ.”

ರಜಿತಾ ಕಾಗದ ಓದಿದಳು. ಫ್ರಿಜ್ಜು ನೋಡಿದಳು. ಮತ್ತೆ ಕಾಗದ ನೋಡಿದಳು. ಫ್ರಿಜ್ಜು ಗುರ್ರೆಂದಿತು. ಆದರೆ ಫ್ರಿಜ್ಜಿಗೆ ಮೊಹರಿರಲಿಲ್ಲ. ಕಾಗದಕ್ಕಿತ್ತು. ಹದಿನಾಲ್ಕು ವರ್ಷ ಸರಕಾರಿ ನೌಕರಿ ಮಾಡಿದವರಿಗೆ ಕಣ್ಣೆದುರಿನ ವಸ್ತು ಬಹಳ ದುರ್ಬಲ ಸಾಕ್ಷಿ.

“ಕಾಗಿತಂಲೋ ಏಮುಂದೋ ಅದೇ ರಾಸ್ತಾನು,” ಎಂದು, ಕಾಗದದಲ್ಲಿ ಇದ್ದದ್ದನ್ನೇ ಬರೆದಳು. ಪ್ರೀಆಂಪ್ಲಿಫೈಯರ್, ಒಂದು.

ಮುಂದಿನ ಮನೆಯ ಟಿ.ವಿ.ಯೂ ಪ್ರೀಆಂಪ್ಲಿಫೈಯರ್ ಆಯಿತು. ಅದರಾಚೆಯ ವಾಷಿಂಗ್ ಮಷೀನೂ ಆಯಿತು. ಕರಿಬಸಯ್ಯನ ಏ.ಸಿ. ಗೋಡೆಯ ಮೇಲಿದ್ದುಕೊಂಡೇ ಆಯಿತು. ಕೊನೆಗೆ ಗುರುಲಿಂಗನ ಮನೆ ಹೊಕ್ಕು, ನಾಲ್ಕು ಬುರುಡೆಯ ಕಪ್ಪು ಪೆಟ್ಟಿಗೆ ನೋಡಿದಾಗ ಆಕೆ ಅದನ್ನು ಕಣ್ಣೆತ್ತಿಯೂ ನೋಡದೆ ಕೈ ಚಾಚಿದಳು: “ಕಾಗಿತಂ?”

ಎರಡು ವಾರ ಓಣಿಯಲ್ಲಿ ಹಬ್ಬ. ಹದಿನಾರು ಮನೆಯ ಫ್ರಿಜ್ಜು, ಟಿ.ವಿ.ಗಳು ಸರಕಾರದ ಲೆಕ್ಕದಿಂದ ಮಾಯವಾಗಿ, ಯಾರೂ ಕಂಡರಿಯದ ಒಂದು ಶಬ್ದವಾಗಿ ಕೂತಿದ್ದವು. ಗುರುಲಿಂಗ ಎದುರಾದರೆ ಕರಿಬಸಯ್ಯ ಬೀಡಿ ಆರಿಸುತ್ತಿದ್ದ. ಗುರುಲಿಂಗ ದಿನಾ ಅಂಗಡಿಯಿಂದ ಬಂದು ಪೆಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿ, ಗುಂಯ್ ಸಮೇತ ಕೇಳುತ್ತಿದ್ದ. ಗಂಗಾಂಬಿಕಾ ಡಬ್ಬಿ ತೆರೆದು ಕಾರ್ಡು ನೋಡಿ ಮುಚ್ಚುತ್ತಿದ್ದಳು. ಗೀಟು ಬಿದ್ದಿರಲಿಲ್ಲ.

ಆಮೇಲೊಂದು ಮಧ್ಯಾಹ್ನ ಉರುಕುಂದಪ್ಪನ ಬೈಕು ಧೂಳೆಬ್ಬಿಸಿಕೊಂಡು ಬಂತು.

“ಕೆಟ್ಟಿರಲ್ಲೋ! ಕಂಪ್ಯೂಟರಿಗೆ ಅನುಮಾನ ಬಂದೈತಂತ. ಇಡೀ ಜಿಲ್ಲಾದಾಗ ಪ್ರೀಆಂಪ್ಲಿಫೈಯರ್ ಹದಿನೇಳು. ಹದಿನೇಳೂ ಒಂದ ಓಣ್ಯಾಗ! ನಾಳೆ ತಪಾಸಣಿಗೆ ಸಾಹೇಬ ಬರ್ತಾನ. ಬರಸಿದ್ದು ಮನ್ಯಾಗ ಇರ್ಲಿಲ್ಲಂದ್ರ ಕಾರ್ಡ್ ಕಟ್, ಮ್ಯಾಲ ಕೇಸು.”

ಈ ಕಾನೂನು ಯಾರ ಬಾಯಿಂದ ಹುಟ್ಟಿತ್ತೋ ಯಾರೂ ಕೇಳಲಿಲ್ಲ. ಗುರುಲಿಂಗನ ಪಡಸಾಲೆಯಲ್ಲಿ ಓಣಿಯೇ ಕೂಡಿತು. ಎಲ್ಲರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದರು. ಕರಿಬಸಯ್ಯ ಗಂಟಲು ಸರಿಮಾಡಿಕೊಂಡ.

“ಪೆಟ್ಟಿಗಿ ಒಂದು, ಮನಿ ಹದಿನೇಳು. ಅದಕ್ಯಾಕ ತೆಲಿ ಕೆಡಿಸ್ಕೊಂತೀರಿ? ಕಾಲುವಿ ನೀರು ಹೆಂಗ ತಗೋತೀವಿ? ಪಾಳಿ ಪ್ರಕಾರ. ಸಾಹೇಬ ಮುಂಬಾಗಿಲಿಂದ ಬರ್ಲಿ, ಪೆಟ್ಟಿಗಿ ಹಿತ್ತಲ ಗ್ವಾಡಿ ಮ್ಯಾಲಿಂದ ಬರ್ಲಿ. ಮ್ವಾದಲ ಮನಿ ಮೊಗುಲಮ್ಮಂದು, ಅಲ್ಲಿಂದ ಸುರು.”

“ನಂದು ಕಡೀ ಮನಿ,” ಎಂದ ಗುರುಲಿಂಗ.

“ಕಾಲುವಿ ಬಾಲಕ್ಕಿದ್ದವ್ರಿಗೆ ನೀರು ಕಡೀಗೇ ಬರೋದು.”

“ಅಲ್ರೀ, ಪೆಟ್ಟಿಗಿ ನಂದು!”

“ಕಾಗದ ನಮ್ಮದೂ ಐತಲ್ಲೋ,” ಎಂದಳು ಬುಚ್ಚಮ್ಮ, ನೋವಾದವಳಂತೆ. “ನೀನ ಹೊಡದು ಕೊಟ್ಟಿ. ನಿನ್ನ ಅಕ್ಷರಾನ ಐತಿ.”

ಮರುದಿನ ಹತ್ತಕ್ಕೆ ಅಂಜನಕುಮಾರ್ ಎಂಬ ತಪಾಸಣೆ ಅಧಿಕಾರಿ ಜೀಪಿನಲ್ಲಿ ಬಂದ. ಶಾಂತಿನಗರದ ಕಡೆಯ ಎಳೆಯ ಹುಡುಗ, ಇಸ್ತ್ರಿ ಮುರಿಯದ ಅಂಗಿ, ಹೊಸ ನೌಕರಿಯ ಶ್ರದ್ಧೆ. ಮೊಗುಲಮ್ಮನ ಮನೆಯಲ್ಲಿ ಪೆಟ್ಟಿಗೆ ಮಂಚದ ಮೇಲೆ ಹೊಸ ಚಾದರ ಹಾಸಿಕೊಂಡು ಕೂತಿತ್ತು. ಮೊಗುಲಮ್ಮ ಸ್ವಿಚ್ಚು ಒತ್ತಿದಳು.

“ಇದು ಏನ್ ಮಾಡ್ತೈತಮ್ಮಾ?”

“ಕೆಂಪಗಾಗ್ತೈತ್ರಿ.”

“ಆಮ್ಯಾಲ?”

“ಬಿಸಿ ಆಗ್ತೈತ್ರಿ.”

“ಅಷ್ಟೇನಾ? ಇದು ಯಾಕ ಬೇಕು ನಿಮಗ?”

“ಥಂಡೀ ದಿನದಾಗ ಬೇಕಾಗ್ತೈತ್ರಿ, ಸಾಹೇಬ್ರ.”

ಅಂಜನಕುಮಾರ್ ಬರೆದುಕೊಂಡು ಮುಂಬಾಗಿಲಿನಿಂದ ಹೊರಟ. ಹಿತ್ತಲಲ್ಲಿ ಕೌದಿ ಸುತ್ತಿದ ಪೆಟ್ಟಿಗೆ ಗೋಡೆ ಏರಿತು. ಗೋಡೆಯ ಈಚೆಗೆ ಇಬ್ಬರು, ಆಚೆಗೆ ಇಬ್ಬರು. ಗುರುಲಿಂಗ ಹದಿನೇಳು ಹಿತ್ತಲುಗಳ ಸಗಣಿ ಗುಂಡಿ, ಎಮ್ಮೆ ಗೂಟ ದಾಟುತ್ತ ಅದರ ಬೆನ್ನಿಗೇ ಓಡುತ್ತಿದ್ದ. “ವಾಲ್ವು, ವಾಲ್ವು! ಮ್ಯಾಲ ಹಿಡೀಬ್ಯಾಡ್ರಿ, ತಳದಾಗ ಹಿಡೀರಿ!” ಬುಚ್ಚಮ್ಮನ ಮನೆಯಲ್ಲಿ ಅದರ ಮೇಲೆ ಹಾಲಿನ ಪಾತ್ರೆ ಇತ್ತು, ಮೊಸರು ಬೇಗ ಹೆಪ್ಪಾಗುತ್ತದಂತೆ. ಆರನೆಯ ಮನೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿದರು. ಏಳನೆಯ ಮನೆಯಲ್ಲಿ ಒರೆಸಲು ಪುರಸೊತ್ತಾಗಲಿಲ್ಲ.

ಒಂಬತ್ತನೆಯ ಮನೆಯಲ್ಲಿ ಅಧಿಕಾರಿ ಕೈಯಿಟ್ಟು ನೋಡಿದ.

“ಇನ್ನಾ ಹಚ್ಚಿಲ್ಲ ಅಂತೀರಿ, ಬಿಸಿ ಐತಲ್ಲ?”

“ನೀವು ಬರ್ತೀರಂತ ಹೆದ್ರೈತ್ರಿ.”

“ಎಲ್ಲಾದಕ್ಕೂ ಎಡಗಡೆ ಇದ ಗೀರು ಐತಿ.”

“ಕಂಪನಿ ಗೀರ್ರಿ ಅದು. ಅಸಲಿ ಮಾಲಿನ ಗುರ್ತು. ಗೀರು ಇರ್ಲಿಲ್ಲಂದ್ರ ನಕಲಿ.”

ಅಂಜನಕುಮಾರ್ ಅದನ್ನೂ ಬರೆದುಕೊಂಡ. ಅಲ್ಲಿಂದ ಮುಂದೆ ಅವನು ಪ್ರತಿ ಮನೆಯಲ್ಲೂ ಮೊದಲು ಗೀರು ಹುಡುಕಿ, ಇದೆ ಎಂದು ಖಾತ್ರಿ ಮಾಡಿಕೊಂಡೇ ಟಿಕ್ಕು ಹಾಕಿದ.

ಹದಿನಾರನೆಯದು ಕರಿಬಸಯ್ಯನ ಮನೆ. ಹೊರಗೆ ಬಿಸಿಲು ಸುರಿಯುತ್ತಿತ್ತು, ಒಳಗೆ ಏ.ಸಿ. ಕರಿಬಸಯ್ಯ ತಣ್ಣನೆಯ ಮಜ್ಜಿಗೆ ಕೊಟ್ಟ, ಆಮೇಲೆ ಚಹಾ ಕೊಟ್ಟ, ಆಮೇಲೆ ಮಂಡಕ್ಕಿ ಒಗ್ಗರಣೆ ಕೊಟ್ಟ. ಪೆಟ್ಟಿಗೆ ಟೀಪಾಯಿಯ ಮೇಲೆ ಉರಿಯುತ್ತಿತ್ತು. ಹಿತ್ತಲ ಗೋಡೆಗೆ ಆತು ಗುರುಲಿಂಗ ಎರಡೂ ಕೈ ಚಾಚಿ ನಿಂತೇ ಇದ್ದ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಸೋಫಾದಲ್ಲಿ ಹೂತುಹೋಗಿದ್ದ ಅಂಜನಕುಮಾರ್ ಏಳುವ ಬದಲು ಹೇಳಿದ:

“ಇನ್ನೊಂದ ಮನಿ ಅಲ್ಲ? ಈ ಬಿಸಲಾಗ ಯಾರು ಹೋಗ್ತಾರ. ಅವ್ರನ್ನ ಇಲ್ಲೇ ಕರೀರಿ.”

ಗುರುಲಿಂಗ ಮುಂಬಾಗಿಲಿನಿಂದ ಬಂದ, ಮೊಣಕಾಲಿಗೆ ಸಗಣಿ. ಹಿಂದೆ ಗಂಗಾಂಬಿಕಾ. ಬಾಗಿಲಲ್ಲಿ, ಕಿಟಕಿಯಲ್ಲಿ ಹದಿನಾರು ಮನೆಯ ಮುಖಗಳು. ಕೈಯಳತೆಯಲ್ಲಿ ಅವನ ಪೆಟ್ಟಿಗೆ, ನಾಲ್ಕೂ ವಾಲ್ವು ಕೆಂಪಗೆ.

“ನೀವು ಗುರುಲಿಂಗಾ? ನಿಮ್ಮ ಪ್ರೀಆಂಪ್ಲಿಫೈಯರ್ ಎಲ್ಲೈತಿ?”

ಇದು ನಂದೇ ಎಂದರೆ ಹದಿನಾರು ಮನೆಯ ಕಾಗದ ಬಯಲಾಗುತ್ತದೆ. ಹದಿನಾರರಲ್ಲೂ ಅವನದೇ ಅಕ್ಷರ. ಎಲ್ಲರಿಗಿಂತ ಮೊದಲು ಅವನ ಕಾರ್ಡು, ಕಾರ್ಡಿನ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಅವನು. ಮನೆಯಲ್ಲಿದೆ ಎಂದರೆ ತೋರಿಸಬೇಕು. ಬರೆಸಿಯೇ ಇಲ್ಲ ಎನ್ನುವಂತಿಲ್ಲ. ಗುರುಲಿಂಗ ಕರಿಬಸಯ್ಯನನ್ನು ನೋಡಿದ. ಕರಿಬಸಯ್ಯ ಏ.ಸಿ. ನೋಡಿದ. ಗುರುಲಿಂಗ ಗಂಗಾಂಬಿಕಾಳನ್ನು ನೋಡಿದ. ಅವಳು ನೋಡಿದ ರೀತಿಯಲ್ಲಿ ಕಾರ್ಡಿನ ನಾಲ್ಕೂ ಮೂಲೆ ಕಾಣುತ್ತಿದ್ದವು.

“ಮಾರಿಬಿಟ್ಟೆ, ಸರ್.”

“ಮಾರಿದ್ರಿ? ಯಾಕ?”

“ಅಡಚಣಿ ಸರ್.”

ಅಂಜನಕುಮಾರ್ ಪೆನ್ನು ಕೆಳಗಿಟ್ಟ. ಅವನ ನೌಕರಿಯ ಮೊದಲ ತಿಂಗಳದು. ಹೃದಯ ಇನ್ನೂ ಅಂಗಿಯಷ್ಟೇ ಹೊಸದಾಗಿತ್ತು. ಸಗಣಿ ಮೆತ್ತಿದ ಮೊಣಕಾಲು ನೋಡಿದ, ಬೆವರು ನೋಡಿದ. ಮತ್ತೆ ಪೆನ್ನೆತ್ತಿ ಬರೆದು, ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದ:

“ಮನೆಯಲ್ಲಿದ್ದ ಒಂದೇ ಒಂದು ಬೆಲೆಬಾಳುವ ವಸ್ತುವನ್ನೂ ಕಷ್ಟಕ್ಕೆ ಮಾರಿಕೊಂಡಿರುವ, ಈ ಓಣಿಯ ಏಕೈಕ ನಿಜವಾದ ಬಡ ಕುಟುಂಬ. ಇವರ ಕಾರ್ಡನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.” ಆಮೇಲೆ ಉಳಿದವರತ್ತ ತಿರುಗಿದ. “ನೀವು ಹದಿನಾರೂ ಮನಿಯವ್ರು ಸ್ಥಿತಿವಂತರು ಅಂತ ಬರದೀನಿ. ಮ್ಯಾಲಿನವ್ರು ಏನ್ ಮಾಡ್ತಾರೋ ನೋಡೋಣ.”

ಜೀಪು ಹೋಯಿತು. ಗುರುಲಿಂಗ ಪೆಟ್ಟಿಗೆಗೆ ಕೈ ಹಾಕಿದ. ಕರಿಬಸಯ್ಯ ಆ ಕೈಯನ್ನು ಮೆಲ್ಲಗೆ, ಬಹಳ ಪ್ರೀತಿಯಿಂದ ಹಿಡಿದ.

“ಹುಚ್ಚ ಅದೀಯೇನೋ? ಮಾರೀನಿ ಅಂತ ನೀನ ಬರಸೀದಿ. ಮಾರಿದ ಸಾಮಾನು ನಿನ್ನ ಮನ್ಯಾಗ ಕಂಡ್ರ ಕೇಸ್ ಯಾರ ಮ್ಯಾಲ? ಸಾಹೇಬ ಕಡೀಗೆ ನೋಡಿದ್ದು ನನ್ನ ಮನ್ಯಾಗ. ಇಲ್ಲೇ ಇರ್ಲಿ. ನಿನಗ ಯಾವಾಗ ನೋಡಬೇಕನಿಸಿದ್ರೂ ಬಾ, ನಾ ಬ್ಯಾಡ ಅನ್ನಂಗಿಲ್ಲ. ಚಪ್ಪಲಿ ಹೊರಗ ಬಿಡು.”

ಆ ಮಧ್ಯಾಹ್ನ ಗುರುಲಿಂಗ ತನ್ನ ಪಡಸಾಲೆಯಲ್ಲಿ ಎರಡು ಸ್ಪೀಕರುಗಳ ನಡುವೆ ಸುಮ್ಮನೆ ಕೂತಿದ್ದ. ಗಂಗಾಂಬಿಕಾ ಒಳಗೆ ಡಬ್ಬಿ ತೆರೆದು ಕಾರ್ಡು ನೋಡಿಕೊಂಡಳು. ಗೀಟಿರಲಿಲ್ಲ, ಇನ್ನು ಬೀಳುವಂತೆಯೂ ಇರಲಿಲ್ಲ. ಗಂಡನಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ಅವಳು ಪಡಸಾಲೆಗೆ ಬಂದದ್ದು ನಿಜ.

ಅಷ್ಟರಲ್ಲಿ ಬುಚ್ಚಮ್ಮ ಒಂದು ಬಟ್ಟಲು ಮೊಸರು ತಂದಳು. “ತಗೋಬೇ. ಏನ್ ಮಾಡ್ತೀ, ಎಲ್ಲಾರಿಗೂ ಒಂದ ನಮೂನಿ ದಿನ ಇರಂಗಿಲ್ಲ.” ಅವಳ ಹಿಂದೆ ಇನ್ನೊಬ್ಬಳು ಸೇರು ಜೋಳ ತಂದಳು. ಕರಿಬಸಯ್ಯನ ಮನೆಯಿಂದ ಉಳಿದ ಮಂಡಕ್ಕಿ ಬಂತು. ಸ್ಥಿತಿವಂತರೆಂದು ಬರೆಸಿಕೊಂಡ ಮೇಲೆ ಹದಿನಾರು ಮನೆಯವರ ನಡಿಗೆಯೇ ಬೇರೆಯಾಗಿತ್ತು. ಕಾರ್ಡಿನ ಭಯ ಇನ್ನೂ ಅವರ ಕಾಲಿಗಿಳಿದಿರಲಿಲ್ಲ. ಕೊನೆಗೆ ಮೊಗುಲಮ್ಮ ಬಂದು, ಮಡಿಕೆ ಮಾಡಿದ ಒಂದು ನಾರಾಯಣಪೇಟೆ ಸೀರೆಯನ್ನು ಗಂಗಾಂಬಿಕಾಳ ಮಡಿಲಿಗಿಟ್ಟಳು.

“ನಾಕ ಸಲ ಉಟ್ಟಿದ್ದಷ್ಟ. ಅಂಚು ಇನ್ನಾ ಗಟ್ಟಿ ಐತಿ. ಉಟ್ಕೋ, ನಾಚಬ್ಯಾಡ.”

ಗಂಗಾಂಬಿಕಾ ಸೀರೆಯ ಕಡೆ ನೋಡಿದಳು. ನೋಡುತ್ತಲೇ ಇದ್ದಳು. ಮೊಗುಲಮ್ಮ ಓಣಿಯ ಅರ್ಧ ದಾಟಿದ್ದಾಗ ಆ ಸೀರೆ, ಮಡಿಕೆ ಬಿಚ್ಚದೆಯೇ, ಅವಳಿಗಿಂತ ಮುಂದೆ ಹೋಗಿ ಬಿತ್ತು. ಹಿಂದೆಯೇ ಬಟ್ಟಲು ಹೋಯಿತು.

“ಎದ್ದೇಳ್ರಿ!” ಎಂದಳು ಗಂಡನ ಮೇಲೆ ಬಂದು. “ಹದಿನಾರು ಮನ್ಯಾಗ ಇರೋ ಸಾಮಾನು ನಮ್ಮ ಮನ್ಯಾಗಿಲ್ಲ ಅಂತ ಸಾಹೇಬನ ಮುಂದ ಬರಸಿ ಬಂದೀರಲ್ಲ! ಉಟ್ಟು ಬಿಟ್ಟ ಸೀರಿ ತಂದು ಉಡಿಯಾಗ ಹಾಕ್ತಾರ ನನಗ! ನಡ್ರಿ ನಾರಾಯಣಪೇಟಿಗೆ. ನಮ್ಮ ನರೇಂದ್ರನಂತಲ್ಲಿ ಆ ಹೊಸಾದು ಐತಲ್ಲ, ತರ್ರಿ. ಇವತ್ತ ತರ್ರಿ.”

“ಗಂಗಾ, ಕಾರ್ಡು?”

“ಒಲಿಗೆ ಹಾಕ್ರಿ ಕಾರ್ಡು!”

ಮೂರು ಗಂಟೆಯ ಬಸ್ಸಿಗೆ ಗುರುಲಿಂಗ ನಾರಾಯಣಪೇಟೆ ಮುಟ್ಟಿದ. ನರೇಂದ್ರ ಕುರ್ಚಿ ಹಾಕಿ, ಪ್ಲಾಸ್ಟಿಕ್ ಹಾಳೆ ಹರಿದು, ತಂತಿ ಜೋಡಿಸಿ, ನೀಲಿ ದೀಪ ಹೊತ್ತಿಸಿ, ಉತ್ಸಾಹದಿಂದ ಕೈ ಉಜ್ಜಿಕೊಂಡ.

“ಕುಂಡ್ರಿ ಮಾವಾ. ಕಣ್ಣು ಮುಚ್ರಿ. ಸೌಂಡು ಕೇಳ್ರಿ ಮ್ವಾದಲ.”

“ಸೌಂಡು ಇರ್ಲಿ ಬಿಡಪ,” ಎಂದ ಗುರುಲಿಂಗ, ನಿಂತೇ. “ಮ್ವಾದಲ ಬಿಲ್ ಹರಿ. ‘ಹೊಸಾದು’ ಅಂತ ಕೆಂಪು ಇಂಕಿನ್ಯಾಗ ದೊಡ್ಡದಾಗಿ ಬರಿ. ಬಾಗಲಾಗ ನಿಂತವ್ರಿಗೆ ಕಾಣಬೇಕಂತ ನಿಮ್ಮಕ್ಕ ಹೇಳಿ ಕಳಿಸ್ಯಾಳ.”